ಪದುವಾದ ಮಳೆ

೧೨ ಸೆಪ್ಟೆಂಬರ್ ೨೦೧೪, ಶುಕ್ರವಾರ
ರಾಬಿಗ್

ಇವತ್ತು ನನ್ನ ಮನೆಯ ಬಾಗಿಲ ಹೊರಗೆ ನಾನೇ ಬಹಳ ಹೊತ್ತು ನಿಂತೆ. ಕೀಲಿಕೈ ಆಸ್ಪತ್ರೆಯ ಲಾಕರಿನಲ್ಲೇ ಮರೆತುಬಂದಿದ್ದೆ. ಬೆಲ್ ಒತ್ತಿದೆ, ಬಾಗಿಲು ಬಡಿದೆ, ಫೋನ್ ಮಾಡಿದೆ. ಒಳಗೆ ಟಿ.ವಿ. ಇಡೀ ಕಟ್ಟಡಕ್ಕೆ ಕೇಳುವಂತೆ ಅರಚುತ್ತಿತ್ತು. ಕೊನೆಗೆ ಕಸದ ಚೀಲ ಹೊರಗಿಡಲೆಂದು ನನ್ನ ಗಂಡ ಪ್ಲಾಸಿಡ್ ತಾವಾಗಿಯೇ ಬಾಗಿಲು ತೆರೆದರು. "ಬಂದ್ಯಾ?" ಎಂದರು. ಅಷ್ಟೇ. ರಾತ್ರಿಯಿಡೀ ಹೆರಿಗೆ ವಾರ್ಡಿನಲ್ಲಿ ಕಾಲೂರಿ ನಿಂತು ಬಂದವಳನ್ನು ಹೊರಗೆ ನಿಲ್ಲಿಸಿದ ಮನುಷ್ಯನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ನಾನು ಜಗಳ ಮಾಡಲಿಲ್ಲ. ಜಗಳಕ್ಕೂ ಶಕ್ತಿ ಬೇಕು. ಇಬ್ಬರು ನರ್ಸುಗಳು ಸೌದಿಯ ಕೆಲಸ ಬಿಟ್ಟು ಕೇರಳಕ್ಕೆ ಹೋದ ಮೇಲೆ ಅವರ ಪಾಲಿನದ್ದೂ ನಮ್ಮ ತಲೆಗೇ ಬಂದಿದೆ. ಸೊಂಟ ಹಿಡಿದಿದೆ. ಪಾದಗಳನ್ನು ಉಪ್ಪುನೀರಿನ ಬಕೆಟ್ಟಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ನಮ್ಮದು ಕೊಂಕಣಿಯಾದರೂ ಬರೆಯಲು ಬರುವುದು ಕನ್ನಡವೇ. ಶಿರ್ವದ ಶಾಲೆಯಲ್ಲಿ ಕಲಿತದ್ದು ಅದನ್ನೇ. ಪ್ಲಾಸಿಡ್ ಕನ್ನಡ ಓದುವವರಲ್ಲ, ಹಾಗಾಗಿ ಇಲ್ಲಿ ಏನು ಬರೆದರೂ ಚಿಂತೆಯಿಲ್ಲ.

ಸಂಜೆ, ಇಲ್ಲಿ ನಮ್ಮ ಪ್ರಾರ್ಥನೆ ಹೊರಗೆ ಕಾಣಬಾರದೆಂದು ಪರದೆ ಎಳೆದು, ಜಪಸರ ಹೇಳಿದೆವು. ಮೊದಲೆಲ್ಲ ಕೊನೆಯ ಗೀತೆಯನ್ನು ಅವರೇ ಎತ್ತುತ್ತಿದ್ದರು. ಊರಿನ ಚರ್ಚಿನಲ್ಲಿ ಗಾಯನ ಮಂಡಳಿಗೆ ಮುಂದಾಳಾಗಿದ್ದವರು. ಈಗ ತುಟಿಯನ್ನೂ ಆಡಿಸುವುದಿಲ್ಲ. ನಾನೊಬ್ಬಳೇ ಹಾಡಿ ಮುಗಿಸಿದೆ.

೧೮ ಸೆಪ್ಟೆಂಬರ್

ಪ್ಲಾಸಿಡ್ ಕೆಲಸ ಮಾಡುವ ತೈಲದ ಪ್ಲಾಂಟಿನಲ್ಲಿ ಗ್ಯಾಸ್ ಸೋರಿತಂತೆ. ಅವರ ಜೊತೆಯವನು, ಉಪ್ಪಿನಂಗಡಿ ಕಡೆಯ ಅಬ್ದುಲ್ ಹಕೀಮ್, ನಮ್ಮ ಆಸ್ಪತ್ರೆಯಲ್ಲೇ ಮಲಗಿದ್ದಾನೆ. ಬಿಡುವಿನಲ್ಲಿ ಗಂಡಸರ ವಾರ್ಡಿಗೆ ಹೋಗಿ ನೋಡಿಬಂದೆ. ಮೂಗಿಗೆ ಆಕ್ಸಿಜನ್, ಕಣ್ಣು ಕೆಂಪು. ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

"ಅಲಾರಂ ಆಗ್ಲಿಲ್ವಾ ಹಕೀಮ್?" ಎಂದು ಕೇಳಿದೆ.

"ಆಯ್ತು ಸಿಸ್ಟರ್. ಜೋರಾಗಿಯೇ ಆಯ್ತು."

"ಮತ್ತೆ ಓಡುದಲ್ವಾ?"

"ಓಡಿದ್ದೆ. ಪುನಃ ಒಳಗೆ ಹೋಗ್ಬೇಕಾಯ್ತು." ಮೂಗಿನ ಕೊಳವೆ ಸರಿಮಾಡಿಕೊಂಡು, "ಪ್ಲಾಸಿಡಣ್ಣನನ್ನು ಸ್ವಲ್ಪ ನೋಡ್ಕೊಳ್ಳಿ ಮಾರಾಯ್ರೆ" ಎಂದ.

ಮಲಗಿದವನು ಇವನು, ನೋಡಿಕೊಳ್ಳಬೇಕಾದದ್ದು ಅವರನ್ನಂತೆ. ಔಷಧದ ಮಂಪರಿರಬೇಕು.

೨೬ ಸೆಪ್ಟೆಂಬರ್

ಫಿಯೋನಾ ಮಂಗಳೂರಿನ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. "ಡ್ಯಾಡಿ ನನ್ನ ಹತ್ರ ಯಾಕೆ ಮಾತಾಡುದಿಲ್ಲ ಮಮ್ಮಿ? ಫೋನ್ ತೆಗೊಂಡ ಕೂಡ್ಲೇ ನಿನಗೆ ಕೊಡ್ತಾರೆ. ನಾನೇನಾದ್ರೂ ತಪ್ಪು ಮಾಡಿದ್ದೇನಾ?"

ಇಲ್ಲ ಮಗಾ, ಸುಸ್ತು ಅವರಿಗೆ, ಎಂದೆ. ಎಲ್ಲದಕ್ಕೂ ಅದೊಂದೇ ಉತ್ತರ ಈಗ. ಫೋನಿಟ್ಟ ಮೇಲೆ ಅವರಿಗೆ ಹೇಳಿದೆ, ಮಗಳು ಬೇಜಾರು ಮಾಡಿಕೊಂಡಿದ್ದಾಳೆ ಎಂದು. ಅವರು ನನ್ನ ಕಡೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದರು. ತೊಳೆಯುತ್ತಲೇ ಇದ್ದರು.

ಆಮೇಲೆ ಕೈ ಒರೆಸಿಕೊಂಡು ಬಂದು, ಏನೋ ಬಹಳ ದಿನದಿಂದ ಯೋಚಿಸಿದವರಂತೆ, "ಪದುವಾಗೆ ಹೋಗಿ ಬರುವ" ಎಂದರು.

ಪದುವಾ ಎಂದರೆ ನನಗೆ ತಕ್ಷಣ ನೆನಪಾದದ್ದು ಮಂಗಳೂರಿನ ಹೈಸ್ಕೂಲು. ಹಾಗೆಂದೇ ಕೇಳಿದೆ. "ಅದಲ್ಲ, ಇಟೆಲಿಯದ್ದು. ಸಂತ ಅಂತೋನಿಯ ಹತ್ರ ಒಂದು ಕೇಳ್ಲಿಕ್ಕೆ ಉಂಟು" ಎಂದರು. ಏನು ಎಂದು ಕೇಳಿದರೆ ಹೇಳಲಿಲ್ಲ.

ಮದುವೆಯಾದಂದಿನಿಂದ ನಾವು ರಜೆಯಲ್ಲಿ ಊರಿಗಲ್ಲದೆ ಬೇರೆಲ್ಲಿಗೂ ಹೋದವರಲ್ಲ.

೨೫ ಅಕ್ಟೋಬರ್

ವೀಸಾ ಬಂತು. ಅದನ್ನು ತರಲು ಜಿದ್ದಾಕ್ಕೆ ಹೋಗಿದ್ದೆವು. ಕಾರಿನಲ್ಲಿ ಹೋಗುವಾಗ ಬರುವಾಗ ಒಂದು ಮಾತಿಲ್ಲ. ನಾನು ಮೊದಮೊದಲು ಏನೇನೋ ಹೇಳಿದೆ. ಸಮುದ್ರದ ಬಣ್ಣ, ವಾರ್ಡಿನ ಹೊಸ ಮೇಟ್ರನ್, ಫಿಯೋನಾಳ ಪರೀಕ್ಷೆ. ಅವರ ಕಣ್ಣು ರಸ್ತೆಯಿಂದ ಕದಲಲಿಲ್ಲ. ಬಲಗಡೆಯ ಸೀಟಿನಲ್ಲಿ ಒಬ್ಬಳು ಕುಳಿತಿದ್ದಾಳೆ ಎಂಬುದೇ ಗೊತ್ತಿಲ್ಲದವರಂತೆ. ಹೆದ್ದಾರಿಯ ಬದಿಯಲ್ಲಿ ಒಂಟೆಗಳು ಕಂಡವು. ಅವಕ್ಕೆ ಹೇಳಿದ್ದರೆ ತಲೆಯನ್ನಾದರೂ ಎತ್ತುತ್ತಿದ್ದವು.

ಅಲ್ ಖರ್ಜ್‌ನ ಒಂದು ಆಸ್ಪತ್ರೆಯಿಂದ ನನಗೆ ಕೆಲಸದ ಕರೆ ಬಂದಿದೆ. ಹಗಲು ಪಾಳಿ ಮಾತ್ರ, ಇರಲು ಕೋಣೆ ಅವರೇ ಕೊಡುತ್ತಾರೆ. ರಿಯಾದಿನ ಆಚೆ ಇರುವ ಊರು, ಇಲ್ಲಿಂದ ಬಹಳ ದೂರ. ಮೊದಲಾದರೆ ಬೇಡ ಎನ್ನುತ್ತಿದ್ದೆ. ಈಗ ಯಾಕೆ ಬೇಡ ಎನ್ನಬೇಕು? ಈ ಮನುಷ್ಯನಿಗೆ ನಾನು ಸಾಕಾಗಿದ್ದೇನೆ. ಹೇಳಲು ಧೈರ್ಯವಿಲ್ಲ, ಮೌನದಿಂದ ಹೇಳುತ್ತಿದ್ದಾರೆ.

ಇಟೆಲಿಯಲ್ಲಿ ಹೇಳಿಬಿಡುತ್ತೇನೆ. ಹರಕೆ ಮುಗಿದ ಮೇಲೆ.

೧೧ ನವೆಂಬರ್, ಮಂಗಳವಾರ
ಪದುವಾ

ಬಟ್ಟೆ ಒಣಗುತ್ತಿಲ್ಲ. ಹೀಟರಿನ ಮೇಲೆ ಅವರ ಕಾಲುಚೀಲ, ನನ್ನ ದುಪಟ್ಟಾ ಹರಡಿದ್ದೇನೆ. ಕೋಣೆಯಿಡೀ ಒದ್ದೆ ಉಣ್ಣೆಯ ವಾಸನೆ. ಪ್ಲಾಸಿಡ್ ನಿದ್ದೆ ಹೋಗಿದ್ದಾರೆ. ಇಲ್ಲಿ ಬೇಗ ಕತ್ತಲಾಗುತ್ತದೆ, ಊಟದ ಹೊತ್ತಾಗಿಲ್ಲ ಇನ್ನೂ. ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರಲಿಕ್ಕಿಲ್ಲ.

ನಿನ್ನೆ ರೈಲು ಇಳಿದಾಗಲೇ ಮಳೆ ಇತ್ತು. ಬೆಳಿಗ್ಗೆಯೂ ಅದೇ. ನಮ್ಮ ಊರಿನ ಮಳೆಯಂತೆ ಬಡಿದು ನಿಲ್ಲುವುದಲ್ಲ, ಸಣ್ಣಗೆ, ತಣ್ಣಗೆ, ಬಿಡದೆ. ಕರಾವಳಿಯಲ್ಲಿ ಹುಟ್ಟಿದ ನಾವಿಬ್ಬರೂ ಕೊಡೆ ತರದೆ ಬಂದಿದ್ದೆವು. ರಾಬಿಗ್‌ನ ಮನೆಯಲ್ಲಿ ಕೊಡೆ ಎಂಬುದೇ ಇಲ್ಲ. ಹೋಟೆಲಿನ ತಿಂಡಿಯಲ್ಲಿ ಹಂದಿ ಮಾಂಸ ಕಂಡು ಪ್ಲಾಸಿಡ್ ಮಗುವಿನಂತೆ ತಟ್ಟೆ ತುಂಬಿಸಿಕೊಂಡರು. ನನಗೆ ಎರಡು ತುಂಡು ಹಾಕಿದರು. ನಾನು ತಿನ್ನಲಿಲ್ಲ. ಹೊಟ್ಟೆಯಲ್ಲಿ ಅಲ್ ಖರ್ಜ್ ಕುಳಿತಿತ್ತು.

ಸ್ಟೇಷನ್ನಿನ ಎದುರು ಒಬ್ಬ ಬಾಂಗ್ಲಾದೇಶಿ ಕೊಡೆ ಮಾರುತ್ತಿದ್ದ. ನಮ್ಮ ಮುಖ ನೋಡಿಯೇ ಹಿಂದಿಯಲ್ಲಿ ಮಾತಾಡಿದ. ಸೌದಿಯಿಂದ ಬಂದದ್ದೆಂದು ತಿಳಿದಾಗ, "ನಾನೂ ದಮ್ಮಾಮಿನಲ್ಲಿದ್ದೆ ದೀದಿ. ಅಲ್ಲಿ ಬಿಸಿಲು, ಇಲ್ಲಿ ಮಳೆ. ಯಲ್ಲಾ, ಬೇಗ ಹೇಳಿ, ಒಂದು ಸಾಕಾ, ಎರಡು ಬೇಕಾ?" ಎಂದ. ನಾನು ಎರಡು ಎನ್ನುವಷ್ಟರಲ್ಲಿ ಪ್ಲಾಸಿಡ್ ಒಂದು ತೆಗೆದು ಬಿಚ್ಚಿದ್ದರು. ನನ್ನನ್ನು ತೋಳು ಹಿಡಿದು ಎಡಗಡೆಗೆ ತಂದುಕೊಂಡರು. ಬಲಗಡೆಗೆ ಬಂದಾಗಲೆಲ್ಲ ಪುನಃ ಎಡಕ್ಕೆ. ಇದ್ಯಾವ ಹೊಸ ಶಿಸ್ತು ಎಂದು ಸಿಟ್ಟು ಬಂತು.

ಪೇಟೆ ಹಳೆಯದು. ಬೀದಿಯ ಇಕ್ಕೆಲದಲ್ಲೂ ಮನೆಗಳ ಕೆಳಗೆ ಕಂಬ, ಕಮಾನು. ನಡೆಯುವವರ ತಲೆಗೆ ನೀರು ಬೀಳದು. ಕಲ್ಲುಹಾಸು ಎಷ್ಟೋ ಕಾಲದ ಕಾಲುಗಳಿಗೆ ಸವೆದು ನುಣ್ಣಗಾಗಿದೆ. "ನೋಡು ಮಾಗ್ದಾ, ಊರಿಗೆ ಊರೇ ಜಗಲಿ!" ಎಂದರು ಪ್ಲಾಸಿಡ್. ಅವರು ತಾವಾಗಿ ಹೀಗೆ ಒಂದು ಮಾತು ಆಡಿ ಯಾವ ಕಾಲವಾಯಿತೋ. ಕಂಬಗಳನ್ನು ತಟ್ಟಿ ನೋಡುತ್ತಿದ್ದರು. ಅರ್ಧ ಅಳಿಸಿದ ಗೋಡೆಚಿತ್ರದ ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದರು. ನನಗೆ ಮಾತ್ರ ಶೂ ಒಳಗೆ ನೀರು ಹೋಗಿ ಕಾಲು ಮರಗಟ್ಟಿತ್ತು. ಎಲ್ಲಿಯಾದರೂ ಕುಳಿತರೆ ಸಾಕೆನಿಸಿತ್ತು.

ತರಕಾರಿ ಸಂತೆಯ ಚೌಕಕ್ಕೆ ಬಂದೆವು. ಒಂದು ಪಕ್ಕದಲ್ಲಿ ಉದ್ದಕ್ಕೆ ಹಳೆಯ ಅರಮನೆಯಂಥ ಕಟ್ಟಡ, ಎದುರು ಟಾರ್ಪಾಲಿನ ಅಂಗಡಿಗಳು. ಟಾರ್ಪಾಲಿನ ಮೇಲೆ ಮಳೆ ಪಟಪಟ. ಅಂಗಡಿಯವರು ಕೂಗುತ್ತಿದ್ದರು, ಸಾಮಾನಿನ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹಿಂದಕ್ಕೆ ಬರುತ್ತಿತ್ತು. ಹರಕೆ ಮುಗಿದ ಮೇಲೆ ಹೇಳಬೇಕೆಂದಿದ್ದವಳು ಅಲ್ಲೇ ಹೇಳಿಬಿಟ್ಟೆ. ಇನ್ನು ಹೊತ್ತು ತಿರುಗಲು ನನ್ನಿಂದ ಆಗುತ್ತಿರಲಿಲ್ಲ.

"ನನಗೆ ಅಲ್ ಖರ್ಜ್‌ನಲ್ಲಿ ಕೆಲಸ ಸಿಕ್ಕಿದೆ. ನಾನು ಹೋಗ್ತೇನೆ. ಒಬ್ಬಳೇ."

ಅವರು ಕಿತ್ತಳೆ ರಾಶಿಯಿಂದ ಕಣ್ಣು ತೆಗೆದು ನಕ್ಕರು. "ಆಯ್ತು, ಹೋಗುವ. ನಿಂಗೆ ಹೇಗೆ ಬೇಕೋ ಹಾಗೆ" ಎಂದರು. ಎಂದು, ಮುಂದೆ ನಡೆದರು.

ನಾನು ನಿಂತಲ್ಲೇ ನಿಂತೆ. ಒಂದು ಪ್ರಶ್ನೆಯಿಲ್ಲ, ಯಾಕೆ ಎಂದಿಲ್ಲ. ಇಷ್ಟು ವರ್ಷ ಒಟ್ಟಿಗೆ ಉಂಡು ಮಲಗಿದ್ದಕ್ಕೆ ನಗುನಗುತ್ತಾ ಆಯ್ತು. ಅವರು ಕೊಡೆ ಹಿಡಿದು ಹೋಗುತ್ತಿದ್ದರು, ಪಕ್ಕದಲ್ಲಿ ನಾನಿದ್ದೇನೆ ಎಂಬಂತೆಯೇ ಕೊಡೆಯನ್ನು ಎಡಕ್ಕೆ ಬಾಗಿಸಿಕೊಂಡು. ನಾನು ಬೇರೆ ಓಣಿಗೆ ತಿರುಗಿದೆ.

ಎಷ್ಟು ಹೊತ್ತು ಅಲೆದೆನೋ. ಓಣಿಗಳೆಲ್ಲ ಒಂದೇ ತರ. ನನ್ನ ಫೋನು ಇಲ್ಲಿ ಕೆಲಸ ಮಾಡುವುದಿಲ್ಲ. ಸಿಟ್ಟು ಇಳಿದಂತೆ ಹೆದರಿಕೆ ಏರಿತು. ಒಮ್ಮೆ ದೂರದಲ್ಲಿ ಅವರ ಬೂದು ಜಾಕೆಟ್ ಕಂಡಿತು. "ಪ್ಲಾಸಿಡ್!" ಎಂದು ಕೂಗಿದೆ. ಬೀದಿಯ ಜನರೆಲ್ಲ ತಿರುಗಿದರು, ಅವರೊಬ್ಬರು ತಿರುಗಲಿಲ್ಲ. ಓಡುವಷ್ಟರಲ್ಲಿ ಮಾಯ. ಅಲ್ಲೇ ಕಂಬಕ್ಕೆ ಒರಗಿ ಅತ್ತೆ. ಬೇಕೆಂದೇ ಬಿಟ್ಟುಹೋದರು ಎಂದೇ ತಿಳಿದೆ.

ಒಬ್ಬಳು ಮುದುಕಿ ನನ್ನ ಮುಂದೆ ನಿಂತು ಏನೋ ಕೇಳಿದಳು. ನನಗೆ ಬಂದದ್ದು "ಸಾಂತೊ ಅಂತೋನಿಯೊ" ಎಂಬ ಎರಡೇ ಶಬ್ದ. "ಇಲ್ ಸಾಂತೊ!" ಎಂದು ಅವಳು ಕೈಹಿಡಿದು ಎರಡು ಬೀದಿ ದಾಟಿಸಿ, ತೋರಿಸಿ, ನನ್ನ ಕೆನ್ನೆ ತಟ್ಟಿ ಹೋದಳು.

ದೊಡ್ಡ ಚರ್ಚು. ಸಾಲು ಗುಮ್ಮಟಗಳು, ನಡುವೆ ಸಪೂರ ಗೋಪುರಗಳು. ಒಂದು ಕ್ಷಣ ಮಸೀದಿಯ ಮುಂದೆ ಬಂದೆನೇನೋ ಅನಿಸಿತು. ಒಳಗೆ ಎಡಗಡೆ ಅಮೃತಶಿಲೆಯ ಮಂಟಪದಲ್ಲಿ ಸಂತರ ಸಮಾಧಿ. ಜನ ಸಾಲಾಗಿ ಅದರ ಹಿಂಬದಿಗೆ ಹೋಗುತ್ತಾರೆ. ಅಲ್ಲೊಂದು ಕಪ್ಪುಹಸಿರು ಕಲ್ಲು. ಅದಕ್ಕೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಬೇಡಿಕೊಂಡು ಮುಂದೆ ಹೋಗುತ್ತಾರೆ. ಬದಿಯಲ್ಲಿ ಗುಣವಾದವರ ಫೋಟೋಗಳು, ಮಕ್ಕಳ ಫೋಟೋಗಳು.

ಪ್ಲಾಸಿಡ್ ಅಲ್ಲಿದ್ದರು. ಅಂಗೈ ಇಟ್ಟಿರಲಿಲ್ಲ. ಕಲ್ಲಿಗೆ ಕಿವಿ ಇಟ್ಟಿದ್ದರು.

ಬಲಗಿವಿ. ಕೆನ್ನೆಯಿಡೀ ಕಲ್ಲಿಗೆ ಅಂಟಿಸಿ, ಕಣ್ಣು ಬಿಗಿದು ಮುಚ್ಚಿ, ಗೋಡೆಯಾಚೆ ಯಾರೋ ಮಾತಾಡುತ್ತಿರುವುದನ್ನು ಆಲಿಸುವವರಂತೆ. ಆಮೇಲೆ ತಲೆ ತಿರುಗಿಸಿ ಎಡಗಿವಿ ಇಟ್ಟರು. ಹಿಂದೆ ಜನ ಕಾದಿದ್ದರು. ಯಾರೂ ಅವಸರ ಮಾಡಲಿಲ್ಲ.

ನಾನು ಹತ್ತಿರ ಹೋಗಿ ಮೆಲ್ಲಗೆ "ಪ್ಲಾಸಿಡ್" ಎಂದೆ. ಇಲ್ಲ. ಸ್ವಲ್ಪ ಜೋರಾಗಿ ಎಂದೆ. ಕಾವಲಿನವನು ತುಟಿಗೆ ಬೆರಳಿಟ್ಟು ಗದರಿಸಿದ. ಅವರು ತಿರುಗಲಿಲ್ಲ. ಒಂದು ಮೊಳ ದೂರದಲ್ಲಿ ನಿಂತಿದ್ದೆ ನಾನು. ಬೆಲ್ಲು, ಟಿ.ವಿ., ಫಿಯೋನಾಳ ಫೋನು, ಕಾರು, ಕಿತ್ತಳೆ ರಾಶಿ, ಎಲ್ಲ ಒಮ್ಮೆಲೇ ತಲೆಯೊಳಗೆ ಸಾಲುಗಟ್ಟಿದವು. ಹುಟ್ಟಿದ ಮಗು ಶಬ್ದಕ್ಕೆ ಬೆಚ್ಚುತ್ತದೋ ಇಲ್ಲವೋ ಎಂದು ದಿನವೂ ನೋಡುವವಳು ನಾನು.

ಹೆಗಲು ಮುಟ್ಟಿದೆ. ಬೆಚ್ಚಿಬಿದ್ದು ತಿರುಗಿದರು. "ಎಲ್ಲಿ ಹೋಗಿದ್ದಿ ಮಾರಾಯ್ತಿ! ನಾನು ಹುಡುಕಿ ಹುಡುಕಿ..." ಎಂದವರು ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದರು.

ಚರ್ಚಿನ ಪಕ್ಕದಲ್ಲಿ ಕಮಾನುಗಳ ನಡುವೆ ಒಂದು ಅಂಗಳ, ಅಂಗಳದಲ್ಲಿ ದೊಡ್ಡ ಮರ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಲ್ಲಿನ ಕಟ್ಟೆಯ ಮೇಲೆ ಕುಳಿತೆವು. ನಾನು ಅವರ ಎದುರಿಗೆ ತಿರುಗಿ, ತುಟಿ ಕಾಣುವಂತೆ ಕೇಳಿದೆ.

"ಯಾವಾಗಿಂದ?"

"ಎರಡು ವರ್ಷ ಆಯ್ತೇನೋ. ಬಲದ್ದು ಪೂರ್ತಿ ಹೋಗಿದೆ. ಎಡದ್ದರಲ್ಲಿ ಸ್ವಲ್ಪ ಉಂಟು. ಕಂಪ್ರೆಸರಿನ ಸದ್ದಿನಲ್ಲಿ ಇಷ್ಟು ವರ್ಷ ನಿಂತದ್ದಲ್ವಾ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಿಡ್ತಿದ್ಯಾ? ಟೆಸ್ಟ್ ಮಾಡಿಸು ಹೇಳ್ತಿದ್ದಿ. ಟೆಸ್ಟ್ ಆದ್ರೆ ಫೀಲ್ಡಿನ ಕೆಲ್ಸ ಹೋಯ್ತು. ಫಿಯೋನಾಳ ಓದು ಮುಗೀಲಿ ಅಂತ..." ಕೊಡೆಯ ನೀರು ಕೊಡವಿದರು. "ಅವಳ ಸ್ವರ ಫೋನಿನಲ್ಲಿ ನಂಗೆ ಗೊತ್ತೇ ಆಗುದಿಲ್ಲ ಮಾಗ್ದಾ. ಬರೀ ಗುಂಯ್ ಅಂತದೆ. ಏನಾದ್ರೂ ತಪ್ಪು ಉತ್ತರ ಕೊಟ್ರೆ ಅವಳಿಗೆ ಗೊತ್ತಾಗ್ತದೆ ಅಂತ ನಿಂಗೆ ಕೊಡುದು."

ಆಮೇಲೆ ಹಕೀಮನ ವಿಷಯ ಹೇಳಿದರು. ಆ ದಿನ ಅಲಾರಂ ಆದಾಗ ಎಲ್ಲರೂ ಓಡಿದರಂತೆ. ಇವರು ಪೈಪುಗಳ ಹಿಂದೆ ಕುಳಿತು ವಾಲ್ವ್ ತಿರುಗಿಸುತ್ತಲೇ ಇದ್ದರು. ಹೊರಗೆ ತಲೆ ಎಣಿಸುವಾಗ ಒಬ್ಬರು ಕಡಿಮೆ. ಹಕೀಮ್ ಯಾರನ್ನೂ ಕೇಳದೆ ಒಳಗೆ ಓಡಿ, ಕಾಲರ್ ಹಿಡಿದು ಎಳೆದು ತಂದನಂತೆ. ತನ್ನ ಮಾಸ್ಕನ್ನು ಇವರ ಮುಖಕ್ಕೆ ಒತ್ತಿದ್ದನಂತೆ.

"ಅವ ಸತ್ತಿದ್ರೆ?" ಎಂದರು ಪ್ಲಾಸಿಡ್. "ಅವನಿಗೆ ಮೂರು ಸಣ್ಣ ಮಕ್ಕಳು. ಅದಕ್ಕೇ ಇಲ್ಲಿಗೆ ಬಂದದ್ದು. ಕೇಳುವ ಹಾಗೆ ಮಾಡು ಅಂತ ಬೇಡ್ಲಿಕ್ಕೆ. ಬೇರೆ ಎಂತ ಮಾಡುದು ಗೊತ್ತಾಗ್ಲಿಲ್ಲ."

ಪ್ಲಾಂಟಿನವರಿಗೆ ಹೇಳಬೇಕು ಎಂದೆ. ತಲೆ ಅಡ್ಡ ಆಡಿಸಿದರು. ನಾನು ಇನ್ನೊಮ್ಮೆ ಹೇಳಿದೆ, ಅಷ್ಟೇ ನಿಧಾನವಾಗಿ. "ನೀವು ಹೇಳ್ದಿದ್ರೆ ನಾನು ಹೇಳ್ತೇನೆ. ನೀವು ಆ ಜಾಗಕ್ಕೆ ಇನ್ನು ಹೋಗುದಿಲ್ಲ." ಅವರು ಮಳೆ ನೋಡುತ್ತಾ ಕುಳಿತರು.

ಇಷ್ಟಾದ ಮೇಲೆ ಸಂತೆಯಲ್ಲಿ ಹೇಳಿದ್ದನ್ನು ಮುಚ್ಚಿಡುವುದು ಸರಿಯಲ್ಲ ಎನಿಸಿತು. ಅಲ್ ಖರ್ಜ್‌ನ ವಿಷಯ ಪುನಃ ಹೇಳಿದೆ, ಪ್ರತಿ ಶಬ್ದ ಬಿಡಿಸಿ. ಅವರ ಮುಖ ಬಿಳಿಚಿತು.

"ನಾನು ಅದಕ್ಕಾ ಆಯ್ತು ಅಂದದ್ದು?"

"ಹೌದು."

"ಚರ್ಚಿಗೆ ಹೋಗ್ತೇನೆ ಅಂದಿ ಅಂತ ಅಂದ್ಕೊಂಡೆ." ಒದ್ದೆ ಮುಖವನ್ನು ತೋಳಿನಿಂದ ಒರೆಸಿಕೊಂಡು, "ಹೋಗುದಾದ್ರೆ ಹೋಗು. ನಾನು ತಡೆಯುದಿಲ್ಲ. ಆದ್ರೆ ನಾನು ಆಯ್ತು ಹೇಳ್ಲಿಲ್ಲ. ಅದೊಂದು ನೆನಪಿಟ್ಕೋ" ಎಂದರು.

ಹಿಂದಿರುಗುವಾಗ ನಾನೇ ಅವರ ಎಡಗಡೆಗೆ ಬಂದೆ.  ಇಬ್ಬರಿಗೂ ಸುಸ್ತಾಗಿತ್ತು.

೧೨ ನವೆಂಬರ್

ಮಳೆ. ಎಲ್ಲಿಗೂ ಹೋಗಲಿಲ್ಲ. ನನಗೆ ಸ್ವಲ್ಪ ಜ್ವರ. ಪ್ಲಾಸಿಡ್ ಹೊರಗೆ ಹೋಗಿ ಬಿಸಿ ಸೂಪು ತಂದರು. ಅಂಗಡಿಯಲ್ಲಿ ಏನು ಹೇಳಿ ತಂದರೋ, ಇಟೆಲಿಯ ಭಾಷೆ ಕಿವಿಯಿದ್ದವರಿಗೂ ತಿಳಿಯುವುದಿಲ್ಲ. ಹಾಗೆಂದಾಗ ಇಬ್ಬರಿಗೂ ನಗು ಬಂತು.

೨೩ ನವೆಂಬರ್
ರಾಬಿಗ್

ಹೇಳಿದರು. ಬೆಳಿಗ್ಗೆ ನಾನು ಅಂಗಿಗೆ ಇಸ್ತ್ರಿ ಹಾಕಿಕೊಟ್ಟೆ, ಇಂಟರ್‌ವ್ಯೂಗೆ ಹೋಗುವವರಂತೆ ಹೋದರು. ಫೋರ್‌ಮನ್ ಇಕ್ರಾಮುಲ್ಲಾ ಪೇಶಾವರದ ಕಡೆಯವರು, ಒರಟರು. ಮೊದಲು ಮೇಜು ಗುದ್ದಿ ಬೈದರಂತೆ. "ನೀನು ಸಾಯುವುದಲ್ಲದೆ ನನ್ನ ಹುಡುಗರನ್ನೂ ಸಾಯಿಸುತ್ತಿದ್ದೆ" ಎಂದರಂತೆ. "ಅವರ ಬೈಗಳು ಮಾತ್ರ ಎಲ್ಲ ಕೇಳಿಸಿತು" ಎಂದರು ಪ್ಲಾಸಿಡ್. ಆಮೇಲೆ ಚಹಾ ತರಿಸಿಕೊಟ್ಟರಂತೆ.

ಫೀಲ್ಡಿಗೆ ಇನ್ನು ಹೋಗುವಂತಿಲ್ಲ. ಬೇರೆ ಕೆಲಸ ಕೊಡುತ್ತಾರೋ, ಎಕ್ಸಿಟ್ ಕೊಟ್ಟು ಊರಿಗೆ ಕಳಿಸುತ್ತಾರೋ, ಮುಂದಿನ ವಾರ ತಿಳಿಯುತ್ತದೆ. ನಾನು ಕುಳಿತು ಫಿಯೋನಾಳ ಫೀಸಿನ ಲೆಕ್ಕ ಹಾಕಿ ನೋಡಿದೆ. ಅವರು ಮಾತ್ರ ಗಂಜಿ ಉಂಡು ಮಧ್ಯಾಹ್ನವೇ ಮಲಗಿದರು. ಅಷ್ಟು ಗಾಢ ನಿದ್ದೆ ಮಾಡಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಅಲ್ ಖರ್ಜ್‌ನವರಿಗೆ ಉತ್ತರ ಕಳಿಸಬೇಕು.

೯ ಡಿಸೆಂಬರ್

ಟೂಲ್ ಸ್ಟೋರಿಗೆ ಹಾಕಿದ್ದಾರೆ. ಸ್ಪ್ಯಾನರ್ ಕೊಡುವುದು, ತೆಗೆದುಕೊಳ್ಳುವುದು. ಇವರ ಕೈಕೆಳಗೆ ಕಲಿತವರು ಈಗ ಕಿಟಕಿಯ ಮುಂದೆ ನಿಂತು ಕೇಳುತ್ತಾರೆ. ಕೆಲವರು ಬೇಕೆಂದೇ ತುಟಿ ಮಾತ್ರ ಆಡಿಸಿ ತಮಾಷೆ ಮಾಡುತ್ತಾರಂತೆ. ಹಾಗೆ ಮಾಡಿದ ಒಬ್ಬನ ಜೊತೆ ಹಕೀಮ್ ಜಗಳಕ್ಕೆ ಹೋಗಿದ್ದಾನೆ.

ಹಕೀಮ್ ಸಂಜೆ ಬಂದಿದ್ದ, ಮನೆಯಿಂದ ಅಕ್ಕಿರೊಟ್ಟಿಯಂಥ ಪತ್ತಿರಿ ತಂದಿದ್ದ. ಪ್ಲಾಸಿಡ್ ಅವನ ಕೈಯನ್ನು ಹಿಡಿದೇ ಕುಳಿತರು. "ಎಂತ ಪ್ಲಾಸಿಡಣ್ಣ, ಬಿಡಿ ಮಾರಾಯ್ರೆ, ಪತ್ತಿರಿ ತಣ್ಣಗಾಗ್ತದೆ" ಎಂದ ಅವನು.

ಅಲ್ ಖರ್ಜ್‌ನಿಂದ ನಮ್ಮ ಆಸ್ಪತ್ರೆಯ ಆಫೀಸಿಗೆ ಫೋನ್ ಬಂದಿತ್ತಂತೆ. ನಾನು ಡ್ಯೂಟಿಯಲ್ಲಿದ್ದೆ. ತಿರುಗಿ ಮಾಡಲು ಮರೆತುಹೋಯಿತು.

೨ ಜನವರಿ ೨೦೧೫, ಶುಕ್ರವಾರ

ಜಿದ್ದಾದಿಂದ ಕಿವಿಯ ಮೆಷಿನ್ ಬಂದು ಹತ್ತು ದಿನವಾಯಿತು. ಎಡಗಿವಿಗೆ ಒಳ್ಳೆಯದಾಗಿ ಹಿಡಿದಿದೆ. ಬಲಕ್ಕೆ ಪ್ರಯೋಜನವಿಲ್ಲ. ಮೊದಲ ದಿನ ನಲ್ಲಿ ತಿರುಗಿಸಿದರೆ ಬೆಚ್ಚಿದರು, ಖುಬೂಸ್ ರೊಟ್ಟಿಯ ಪ್ಲಾಸ್ಟಿಕ್ ತೆರೆದರೆ ಕಿವಿ ಮುಚ್ಚಿಕೊಂಡರು. "ಈ ಮನೆಯಲ್ಲಿ ಇಷ್ಟು ಗಲಾಟೆ ಉಂಟಾ?" ಎಂದರು. ನನಗೂ ಬೈಗಳು ಬಿತ್ತು: "ಯಾಕೆ ಹೀಗೆ ಕಿರುಚ್ತೀ, ನಾನು ಇಲ್ಲೇ ಇದ್ದೇನಲ್ಲ!" ನನ್ನ ಸ್ವರ ಅಷ್ಟು ಏರಿದೆಯೆಂದು ನನಗೇ ತಿಳಿದಿರಲಿಲ್ಲ. ಕ್ರಿಸ್ಮಸ್ ದಿನ ಫಿಯೋನಾಳ ಜೊತೆ ಅವರೇ ಮಾತಾಡಿದರು. ಅರ್ಧ ತಪ್ಪು ಕೇಳಿಸಿತು. ಅವಳು ನಗುತ್ತಾ ಪುನಃ ಪುನಃ ಹೇಳಿದಳು.

ಇವತ್ತು ರಾತ್ರಿ ಪಾಳಿ ಮುಗಿಸಿ ಬಂದು, ಬಟ್ಟೆಯನ್ನೂ ಬದಲಿಸದೆ ಬಿದ್ದುಕೊಂಡೆ. ಎಚ್ಚರವಾದಾಗ ಮಧ್ಯಾಹ್ನ ದಾಟಿತ್ತು. ಪ್ಲಾಸಿಡ್ ಮಂಚದ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಟಿ.ವಿ. ಬಂದಾಗಿತ್ತು.

"ಎಂತ ಆಯ್ತು?" ಎಂದೆ.

"ನೀನು ನಿದ್ದೆಯಲ್ಲಿ ಅಳ್ತಿ" ಎಂದರು. "ನಿನ್ನೆಯೂ ಅತ್ತಿ. ಮೊನ್ನೆಯೂ. ಮಗುವಿನ ಹಾಗೆ, ಬಿಕ್ಕಿ ಬಿಕ್ಕಿ. ಯಾವಾಗಿಂದ ಮಾಗ್ದಾ?"

ನನಗೇನು ಗೊತ್ತು. ನಿದ್ದೆಯಲ್ಲಿ ಅತ್ತದ್ದು ಅತ್ತವರಿಗೆ ಗೊತ್ತಾಗುವುದಿಲ್ಲ. ಸುಸ್ತು ಅಷ್ಟೇ, ಎಂದೆ.

"ಸುಸ್ತು ಅಂತ ಎಲ್ಲರಿಗೂ ಹೇಳ್ತಿ. ನಂಗೆ ಬೇಡ." ಕುರ್ಚಿಯನ್ನು ಇನ್ನೂ ಹತ್ತಿರ ಎಳೆದು, ಮೆಷಿನಿನ ಕಿವಿಯನ್ನು ನನ್ನ ಕಡೆ ಮಾಡಿ ಕುಳಿತರು. "ಹೇಳು. ನಂಗೆ ಈಗ ಕೇಳ್ತದೆ."

ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಕಳೆದ ತಿಂಗಳು ನನ್ನ ಕೈಯಲ್ಲೇ ಉಸಿರು ನಿಂತ ಮಗುವಿನ ವಿಷಯ ಹೇಳಿದೆ. ಹೆಣ್ಣು ಮಗು. ತಾಯಿ ಸಿರಿಯಾದವಳು, ಹದಿನೆಂಟು ತುಂಬಿತ್ತೋ ಇಲ್ಲವೋ. ಅದನ್ನು ನಾನು ಇಲ್ಲಿಯೂ ಬರೆದಿರಲಿಲ್ಲ. ಮತ್ತೆ ಒಂದರ ಹಿಂದೆ ಒಂದು ಬಂತು. ಸೊಂಟದ ನೋವು, ಮೇಟ್ರನ್ನಿನ ಮಾತು, ಬಾಗಿಲ ಹೊರಗೆ ನಿಂತದ್ದು, ಅವರಿಗೆ ನಾನು ಬೇಡವಾಗಿದ್ದೇನೆ ಎಂದುಕೊಂಡದ್ದು, ಎಲ್ಲ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಕೇಳಿಸದಿದ್ದಲ್ಲಿ ಮಾತ್ರ ಕೈಯೆತ್ತಿ, "ಇನ್ನೊಮ್ಮೆ ಹೇಳು" ಎಂದರು. ನಾನು ಇನ್ನೊಮ್ಮೆ ಹೇಳಿದೆ.

ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆದಾಗಲೂ ನಾವು ಹಾಗೆಯೇ ಕುಳಿತಿದ್ದೆವು. ಬಾಂಗ್ ಮುಗಿಯುವ ತನಕ ಸುಮ್ಮನಿದ್ದು, "ಮತ್ತೆ?" ಎಂದರು.